ಹಗಲಿನ ಗಂಡ

ಮಳೆಗಾಲ ಮುಗಿದಿತ್ತು. ಒಂದು ದಿನ ಮಸೀದಿಯ ಬೆಳಗಿನ ಬಾಂಗಿನ ಹೊತ್ತಿಗೆ ದ್ವೀಪದ ನಾವು ಕೆಲವರು ಹಡಗು ಹತ್ತಿ ಬೆಟ್ಟ ನೋಡಲು ಹೊರಟೆವು.

ನಮ್ಮಲ್ಲಿ ಮನೆ ಹೆಂಗಸಿನದು. ಗಂಡ ರಾತ್ರಿ ಬಂದು, ಬೆಳಗಾಗುವ ಮೊದಲೇ ತನ್ನ ತಾಯಿಮನೆಗೆ ಹೋಗುವವನು. ಬೆಟ್ಟದ ಲಾಡ್ಜಿನಲ್ಲಿ ಮುದುಕ ಪೂಕೋಯ ಮೊದಲ ಸಲ ಹೆಂಡತಿಯ ಪಕ್ಕ ಕೂತು ಬೆಳಗಿನ ಚಹಾ ಕುಡಿದ.

“ತಂಗಿ ತೀರಿಕೊಂಡಳಲ್ಲ, ಅವಳ ಮಕ್ಕಳು ನನ್ನ ಕೋಣೆ ಕೇಳ್ತಿದ್ದಾರೆ. ಇನ್ನು ನಿನ್ನ ಮನೆಯಲ್ಲೇ ಇರಲಾ, ಬೀಫಾತು?”

“ಹಗಲಲ್ಲೂನಾ? ಊರು ನಗುತ್ತೆ! ಅಳಿಯಂದಿರ ಮುಂದೆ ನಾನು ತಲೆ ಎತ್ತೋದು ಹೇಗೆ?”

“ಹಾಗಾದರೆ ನಾನು ವಾಪಸ್ ಬರಲ್ಲ. ಇಲ್ಲೇ ಯಾರದಾದರೂ ತೋಟ ಕಾಯ್ತೀನಿ.”

“ಈ ಚಳಿಯಲ್ಲಿ ಎರಡು ದಿನ ಬದುಕಿ ನೋಡಿ!” ಎಂದು ಬೈದು ಅವಳು ಎದ್ದುಹೋದಳು.

ಶನಿವಾರ ಊರಿಗೆ ಮರಳಲು ನಾವು ಬಸ್ಸು ಹತ್ತಿದೆವು; ಪೂಕೋಯ ಹತ್ತಲಿಲ್ಲ. ಬೀಫಾತು ಮನೆಯ ಕೀಲಿಯನ್ನು ಬಸ್ಸಿನೊಳಗೆ ಕೂತಿದ್ದ ಮಗಳಿಗೆ ಕಿಟಕಿಯಿಂದ ಕೊಟ್ಟು, ಅವನ ಪಕ್ಕ ಕೆಳಗೇ ನಿಂತಳು.