ಬತಿಮಾ ಏನಂದಳು?

“ಎಲ್ಲರೂ ಸ್ವಲ್ಪ ಹೊತ್ತು ಈ ಜಾಗ ಬಿಟ್ಟುಕೊಡಿ, ನಿಮಗೆ ಪುಣ್ಯ ಬರುತ್ತೆ!” ಎಂದು ಕೈರ್ಗೆಲ್ದಿ ಮೈಕಿನ ಮುಂದೆ ಗೋಗರೆಯುತ್ತಿದ್ದ. ಸೂರ್ಯ ಆಗಷ್ಟೇ ಮುಳುಗಿದ್ದ. ರೇಡಿಯೋ ಅಲೆಗಳು ದೂರ ಹೋಗುವುದು ಈ ಹೊತ್ತಿಗೇ, ಹುಲ್ಲುಗಾವಲಿನ ಹವ್ಯಾಸಿಗಳೆಲ್ಲ ತಂತಮ್ಮ ರೇಡಿಯೋ ಮುಂದೆ ಕೂರುವುದೂ ಈ ಹೊತ್ತಿಗೇ. ಒಬ್ಬನ ಅಲೆಯ ಪಕ್ಕದಲ್ಲೇ ಇನ್ನೊಬ್ಬ ಬಾಯಿ ತೆರೆದನೋ, ಎರಡೂ ಧ್ವನಿ ಕೆಟ್ಟು ಕಿವಿ ಸೀಳುವ ಸಿಳ್ಳೆಯೊಂದೇ ಉಳಿಯುತ್ತದೆ.

“ಅಂಥಾ ರಾಜಕಾರ್ಯ ಏನಪ್ಪಾ?” ಎಂದಿತು ಒಂದು ದಪ್ಪ ಧ್ವನಿ. ಜರ್ಮನ್ ಕೇರಿಯ ಕಮ್ಮಾರ ಗೊಟ್‌ಫ್ರೀಡ್ ಅಜ್ಜ.

“ಬತಿಮಾ ಹತ್ರ ಒಂದು ಮಾತಾಡ್ಬೇಕು ಅಜ್ಜಾ.”

“ಹವಾಮಾನದ ಬಗ್ಗೆಯೋ?”

“ಹವಾಮಾನ ಅಂತಲೇ ಇಟ್ಕೊಳ್ಳಿ.”

ಅಲ್ಲೊಂದು ಇಲ್ಲೊಂದು ನಗು ಕೇಳಿಸಿತು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಕೈರ್ಗೆಲ್ದಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಒಂದು ಕಡೆ ಸಂಗೀತ, ಇನ್ನೊಂದು ಕಡೆ ಯಾರದೋ ಕಟ್ಟ-ಕಡ ಎನ್ನುವ ತಂತಿಸಂಕೇತ, ಅವೆರಡರ ನಡುವೆ ಒಂದು ಶುಭ್ರವಾದ ಸಂದು ಹಿಡಿದ.

ಬತಿಮಾ ಇರುವುದು ದೂರದ ತೊರ್ಗಾಯ್ ಕಡೆ, ಅಲ್ಲಿನ ರೇಡಿಯೋ ಕ್ಲಬ್ಬಿಗೆ ಅವಳದೇ ಉಸ್ತುವಾರಿ. ಎರಡು ಚಳಿಗಾಲ ಮಾತಾಡಿದ್ದರೂ ಇವನು ಅವಳ ಮುಖ ಕಂಡವನಲ್ಲ. ರೇಡಿಯೋದಲ್ಲಿ ವಾಲ್ವು, ತಂತಿ, ಹವಾಮಾನ ಬಿಟ್ಟು ಬೇರೇನೂ ಆಡಬಾರದೆಂದು ಸರ್ಕಾರದ ಕಟ್ಟಪ್ಪಣೆ. ಆದರೂ “ನಿನ್ನ ಕಡೆ ಚಳಿ ಹೇಗಿದೆ” ಎಂಬ ಒಂದು ಮಾತಿನಲ್ಲಿ ಎಷ್ಟೆಲ್ಲ ತುಂಬಬಹುದೆಂದು ಇಬ್ಬರಿಗೂ ಗೊತ್ತಾಗಿತ್ತು. ನಿನ್ನೆ ಅವಳು ಇದ್ದಕ್ಕಿದ್ದಂತೆ, “ನಾಡಿದ್ದು ನಮ್ಮನೆಗೆ ಹೆಣ್ಣು ಕೇಳೋಕೆ ಬರ್ತಿದ್ದಾರೆ. ಪಕ್ಕದ ಊರಿನ ದನದ ಡಾಕ್ಟರು,” ಎಂದಿದ್ದಳು. ಹಿಮಗಾಳಿಗೆ ಟೆಲಿಫೋನ್ ಕಂಬಗಳು ಮಲಗಿದ್ದವು. ಇವತ್ತು ಬಿಟ್ಟರೆ ಇನ್ನಿಲ್ಲ.

“ಬತಿಮಾ, ನಿಯಮ ಗಿಯಮ ಒಲೆಗೆ ಬೀಳ್ಲಿ. ನನ್ನ ಮದ್ವೆ ಆಗ್ತೀಯಾ?” ಎಂದವನೇ ಕೈರ್ಗೆಲ್ದಿ ಪಟ್ಟನೆ ಸ್ವಿಚ್ ತಿರುಗಿಸಿ ಕಿವಿಗೊಟ್ಟ. ಅವಳು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಬಾಯಿ ತೆರೆದದ್ದೂ ಕೇಳಿಸಿತು. ಅದೇ ಗಳಿಗೆಗೆ ಎಲ್ಲಿಂದಲೋ ಒಬ್ಬ ಹೊಸಬ ಬಂದು ಅವಳ ಧ್ವನಿಯ ಮೇಲೆಯೇ ಕುಕ್ಕರಿಸಿದ. “ಯಾರಾದ್ರೂ ಇದ್ದೀರಾ? ಯಾರಾದ್ರೂ…” ಆಮೇಲೆ ಬರಿ ಸಿಳ್ಳೆ. ಸಿಳ್ಳೆ ತೊಲಗುವಷ್ಟರಲ್ಲಿ ಬತಿಮಾಳ ಅಲೆಯೂ ಮಾಯವಾಗಿತ್ತು. ಕೂಗಿದ, ಮತ್ತೆ ಮತ್ತೆ ಕೂಗಿದ. ಅವಳ ಊರಿನ ಜನರೇಟರ್ ಕೈಕೊಟ್ಟಿರಬೇಕು. ಅವನು ಮೇಜಿನ ಮೇಲೆ ತಲೆಯಿಟ್ಟ.

“ಮಗಾ,” ಎಂದಿತು ದಪ್ಪ ಧ್ವನಿ.

“ಅಜ್ಜಾ! ನೀವು ಇಲ್ಲೇ ಇದ್ರಾ? ಜಾಗ ಖಾಲಿ ಮಾಡಿದ್ರಿ ಅಂದ್ಕೊಂಡಿದ್ದೆ!”

“ಬಾಯಿ ಖಾಲಿ ಮಾಡಿದ್ದೆ, ಕಿವೀನ ಅಲ್ಲ. ಕೇಳು, ನನ್ನ ಕಡೆ ಸಿಳ್ಳೆ ಬೇಗ ತೊಲಗ್ತು, ಅವಳ ಮಾತಿನ ಕೊನೇ ತುಣುಕು ಸಿಕ್ತು.” ಅಜ್ಜ ತಡೆದ. “ಬೇಡ ಅಂದ್ಲು ಕಣಪ್ಪಾ. ‘ಬೇಡ’ ಅನ್ನೋದು ಚೆನ್ನಾಗೇ ಕೇಳಿಸ್ತು.”

ಕೈರ್ಗೆಲ್ದಿಗೆ ಕೋಣೆಯ ಬಿಸಿಯೆಲ್ಲ ಒಮ್ಮೆಗೇ ಆರಿಹೋದಂತಾಯಿತು.

“ಅಜ್ಜಾ, ನಿಮ್ಮ ಕಿವಿ ಸುತ್ತಿಗೆ ಏಟಿಗೆ ಹೋಗಿದೆ!” ಎಂದು ಇನ್ನೊಬ್ಬ ನಡುವೆ ನುಗ್ಗಿದ. ಅರ್ಕಾಲಿಕ್‌ನ ಲಾರಿ ಚಾಲಕ ಜುಮಾಬೆಕ್. “ನನಗೆ ಮೊದಲ ತುಣುಕು ಸಿಕ್ಕಿದೆ. ‘ನಿನ್ನಮ್ಮನ ಕೈಲಿ ಕಿವಿಯೋಲೆ ಕಳ್ಸು’ ಅಂದ್ಲು. ಬೇಡ ಅನ್ನೋಳು ಗಂಡಿನ ತಾಯಿ ಹತ್ರ ನಿಶ್ಚಯದ ಓಲೆ ಹಾಕಿಸ್ಕೊಳ್ತಾಳಾ? ಆಮೇಲೆ ‘ತಡ’ ಅಂದ್ಲು. ಅಲ್ಲಿಗೆ ನನ್ನ ಕಡೆಗೂ ಆ ದರಿದ್ರ ಸಿಳ್ಳೆ ಬಂತು.”

“ತಡ…” ಎಂದ ಕೈರ್ಗೆಲ್ದಿ. “ಬೇಡ…”

“ತಡ ಮಾಡಬೇಡ!” ಎಂದು ಮೂವರೂ ಒಟ್ಟಿಗೆ ಕಿರುಚಿದರು. ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

“ಸುಯಿನ್ಶಿ!” ಎಂದು ಜುಮಾಬೆಕ್ ಮೊದಲು ಚೇತರಿಸಿಕೊಂಡ. “ಸಿಹಿ ಸುದ್ದಿ ತಂದೋನು ನಾನು, ನನಗೆ ಉಡುಗೊರೆ!”

“ಅರ್ಧ ನಂದು ಕಣೋ, ‘ಬೇಡ’ ಹಿಡಿದೋನು ನಾನು!”

“ಎಲ್ಲಾ ಕೊಡ್ತೀನಿ, ನನ್ನ ಚರ್ಮ ಬೇಕಾದ್ರೂ ಸುಲ್ಕೊಳ್ಳಿ! ಆದ್ರೆ ಈ ಹಿಮದಲ್ಲಿ ಅಲ್ಲಿಗೆ ಹೋಗೋದು ಹೇಗೆ?”

“ನಾಳೆ ಬೆಳಗಾಗ್ತಿದ್ದ ಹಾಗೆ ನನ್ನ ಲಾರಿ ನಿಮ್ಮ ಬಾಗಿಲಲ್ಲಿರುತ್ತೆ. ಅಮ್ಮನಿಗೆ ಬೆಚ್ಚಗೆ ಉಡಿಸು. ದನದ ಡಾಕ್ಟರು ಬರೋದ್ರೊಳಗೆ ನಾವು ಅವರ ಮನೇಲಿ ಟೀ ಕುಡೀತಾ ಕೂತಿರ್ಬೇಕು.”

ಕೂಗಾಟ ಕೇಳಿ, ಹಿಟ್ಟು ಮೆತ್ತಿದ ಕೈಯಲ್ಲೇ ಅಮ್ಮ ಓಡಿಬಂದಳು. ವಿಷಯ ತಿಳಿದದ್ದೇ ಮಗನ ತಲೆಯನ್ನು ಎದೆಗೆ ಒತ್ತಿಕೊಂಡು ಕೂದಲನ್ನೆಲ್ಲ ಬೆಳ್ಳಗೆ ಮಾಡಿಬಿಟ್ಟಳು. ಕಣ್ಣೊರೆಸಿಕೊಂಡು ಮೈಕನ್ನು ಬಾಯಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡಳು.

“ಕೇಳಿಸ್ಕೊಂಡ ಪುಣ್ಯಾತ್ಮರೆಲ್ಲ ಮದ್ವೆ ಊಟಕ್ಕೆ ಬರ್ಬೇಕು, ಕುದುರೆ ಕಡಿಸ್ತೀನಿ. ಎಷ್ಟು ಜನ ಇದ್ದೀರಪ್ಪಾ?”

ಕೈರ್ಗೆಲ್ದಿ ಸ್ವಿಚ್ ತಿರುಗಿಸಿದ. ಆಮೇಲೆ ಬಂತು. ಗುಂಯ್‌ಗುಡುವುದು, ಊಳಿಡುವುದು, ಕೀಚುವುದು, ಒಂದರ ಮೇಲೊಂದು ಹತ್ತಿ, ಮೇಜಿನ ಮೇಲಿದ್ದ ಟೀ ಬಟ್ಟಲು ನಡುಗಿತು. ರೇಡಿಯೋದ ಮುಳ್ಳು ಕೊನೆಗೆ ಹೋಗಿ ಬಡಿದು ಅಲ್ಲೇ ಒರಗಿತು.

“ಇದೇನೋ ಇದು? ಪೆಟ್ಟಿಗೆ ಕೆಟ್ಟೋಯ್ತಾ?”

“ಇಲ್ಲಮ್ಮಾ. ಎಲ್ಲರೂ ಬರ್ತೀವಿ ಅಂತಿದ್ದಾರೆ.”

ಅಮ್ಮ ಸ್ವಲ್ಪ ಹೊತ್ತು ಆ ಸದ್ದನ್ನು ಆಲಿಸಿದಳು. ಕಿಟಕಿಯಾಚೆ ಲಾಯದ ಕಡೆ ನೋಡಿದಳು.

“ಒಂದು ಕುದುರೆ ಸಾಲಲ್ಲ ಕಣೋ,” ಎಂದಳು.