ಹಾಡು ಬರೆದ ಹಾಳೆ

"ಇದನ್ನ ಎಲ್ಲಾರ ಮುಂದ ಓದಿಬಿಡ್ರಿ ಸಾವ್ಕಾರ್ರ, ನಾಳಿಂದನ ಕಲಸ್ತೀನಿ," ಎಂದು ಡ್ಯಾನ್ಸ್ ಟೀಚರ್ ಅಮೃತಾ ಹಾಳೆ ಚಾಚಿದಳು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ತನ್ನ ಎಂಟು ವರ್ಷದ ಮಗಳು ಒಂದು ಸಿನಿಮಾ ಹಾಡಿಗೇ ಕುಣಿಯಬೇಕೆಂದು ರೈಸ್ ಮಿಲ್ಲಿನ ಕೊಟ್ರಬಸಪ್ಪ ಹಟ ಹಿಡಿದಿದ್ದ. ಮಕ್ಕಳಿಗೆ ತಕ್ಕ ಹಾಡಲ್ಲವೆಂದು ಹೇಳಿ ಹೇಳಿ ಸೋತ ಅಮೃತಾ, ಅದನ್ನು ಪೂರ್ತಿ ಬರೆದು ತಂದಿದ್ದಳು.

ಕೊಟ್ರಬಸಪ್ಪ ಕನ್ನಡಕ ಏರಿಸಿ ಮೊದಲ ಸಾಲು ಓದಿದ. ಎರಡನೆಯದಕ್ಕೆ ಬರುತ್ತಲೇ ಕನ್ನಡಕ ತೆಗೆದು ಒರೆಸತೊಡಗಿದ. ಸುತ್ತ ನಿಂತಿದ್ದ ತಾಯಂದಿರು ನೆಲ ನೋಡಿದರು. ಗೆದ್ದೆ ಅಂದುಕೊಂಡಳು ಅಮೃತಾ.

ಅಪ್ಪನಿಗೆ ಅಕ್ಷರ ಕಾಣಿಸುತ್ತಿಲ್ಲವೆಂದು ಭಾವಿಸಿದ, ಪಕ್ಕದಲ್ಲೇ ನಿಂತಿದ್ದ ಮಗಳು, "ನಾ ಹೇಳ್ಲೇನಪ್ಪಾ?" ಎಂದವಳೇ ಉಳಿದದ್ದನ್ನೆಲ್ಲ ಗಟ್ಟಿಯಾಗಿ, ಒಂದೂ ತಪ್ಪಿಲ್ಲದೆ ಒಪ್ಪಿಸಿದಳು.

ಕೊಟ್ರಬಸಪ್ಪ ಹಾಳೆ ಮಡಚಿ ಜೇಬಿಗಿಟ್ಟು ತಾಯಂದಿರ ಕಡೆ ತಿರುಗಿದ. "ಹಾಡು ಇದ ಇರ್ಲಿ. ಟೀಚರ್‌ನ ಬದ್ಲಿ ಮಾಡೂಣು."