ನೀಲಿ ಮುಚ್ಚಳದ ತೂತು

ಗೋಡೆಗೆ ತೂಗುಹಾಕಿದ್ದ ಬೋರ್ಡಿನ ಮುಂದೆ ನಿಂತ ಮುಚ್ಚಳದ ಮಾವನಿಗೆ ಮೊದಲು ತನ್ನ ಮುಚ್ಚಳಗಳ ಗುರುತೇ ಹತ್ತಲಿಲ್ಲ. ಎಲ್ಲವನ್ನೂ ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ, ಬಾಟಲಿಯ ಆಕಾರಕ್ಕೆ ಕತ್ತರಿಸಿದ ಹಲಗೆಯ ಮೇಲೆ ಒತ್ತೊತ್ತಾಗಿ ಅಂಟಿಸಿದ್ದರು. ತಂಪು ಪಾನೀಯದ ಕಾರ್ಖಾನೆಗೆ ಐವತ್ತು ತುಂಬಿದ ಸಮಾರಂಭ ಅದು. ಬಂದವರೆಲ್ಲ ಬೋರ್ಡಿನ ಪಕ್ಕ ನಿಂತು ಹಲ್ಲು ಬಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ರೀ, ಇದು ನಮ್ಮದೇ ಅಲ್ವಾ?" ಎಂದಳು ಹೆಂಡತಿ, ದನಿ ಇಳಿಸಿ.

ಅವರದೇ. ಇದೇ ಕಾರ್ಖಾನೆಯಲ್ಲಿ ಬಾಟಲಿಗೆ ಮುಚ್ಚಳ ಒತ್ತುವ ಯಂತ್ರ ನಡೆಸುತ್ತಿದ್ದವನು ಮಾವ. ಮುಚ್ಚಳ ಕೂಡಿಡುವ ಹುಚ್ಚಿನಿಂದಲೇ ಅವನಿಗೆ ಆ ಹೆಸರು ಬಂದಿತ್ತು. ಅಂಗಡಿಗೆ ಹೋಗುವ ಮುಚ್ಚಳಗಳು ಅವನಿಗೆ ಬೇಕಿರಲಿಲ್ಲ, ಹೋಗದೆ ಉಳಿದವೇ ಬೇಕು. ಯಂತ್ರದ ಬಿಗಿ ನೋಡಲು ಮಾಡಿಸಿದ ಹೆಸರಿಲ್ಲದ ಬೋಳು ಮುಚ್ಚಳ, ಬಣ್ಣ ಸರಿಯಾಗಿ ಕೂತಿದೆಯೇ ಎಂದು ನೋಡಲು ಅಚ್ಚು ಹಾಕಿದ್ದು, ಒಳಗೆ ಆನೆ ಕುದುರೆಗಳ ಚಿತ್ರ ಇಟ್ಟು ಬಹುಮಾನದ ಆಸೆ ತೋರಿಸಲು ಮಾಡಿಸಿದ್ದು. ಆ ಆನೆ ಕುದುರೆಯ ಪಾನೀಯವನ್ನು ಕೆಮ್ಮಿನ ಔಷಧಿ ಎಂದು ಜನ ಉಗಿದಿದ್ದರಿಂದ ಬಹುಮಾನವೂ ಅಲ್ಲಿಗೇ ನಿಂತಿತು. ಇಂಥವನ್ನು ಬಾಟಲಿಯಿಂದ ಬಿಡಿಸುವಾಗ ಸೊಟ್ಟಗಾಗಬಾರದೆಂದು ಮುಚ್ಚಳಕ್ಕೂ ಓಪನರ್‌ಗೂ ನಡುವೆ ಒಂದು ನಾಣ್ಯ ಇಟ್ಟು ಮೆಲ್ಲನೆ ಎತ್ತುತ್ತಿದ್ದ. ಸವೆದು ತೆಳ್ಳಗಾದ ಆ ನಾಣ್ಯ ಈಗಲೂ ಅವನ ಜೇಬಿನಲ್ಲಿದೆ. ಅಷ್ಟು ಮುದ್ದು ಮಾಡಿ ಉಳಿಸಿದ್ದನ್ನು ಈ ಪುಣ್ಯಾತ್ಮರು ಚಚ್ಚಿ ಹಾಕಿದ್ದರು.

ಪ್ರಚಾರ ವಿಭಾಗದ ಅಧಿಕಾರಿ ಮನೆಗೆ ಬಂದು, ಎರಡೆರಡು ಸಲ ಟೀ ಕುಡಿದು, ಪ್ರದರ್ಶನಕ್ಕೆಂದು ಮುಚ್ಚಳಗಳ ಪೆಟ್ಟಿಗೆ ಕೇಳಿದ್ದ. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇವೆ ಎಂದು ಒಂದೇ ಕಣ್ಣಿನ ಮಾವನಿಗೆ ಮಾತು ಕೊಟ್ಟಿದ್ದ. ದಿನಾ ಬೆಳಗಾದರೆ ಈ ತಗಡಿನ ಸಂಸಾರ ಸಾಕಾಯಿತು ಎಂದು ಗೊಣಗುತ್ತಿದ್ದ ಹೆಂಡತಿಯೇ ಪೆಟ್ಟಿಗೆಯ ಧೂಳು ಒರೆಸಿ ಕೊಟ್ಟು ಕಳಿಸಿದ್ದಳು. ಈಗ ಅವಳ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಅಧಿಕಾರಿಯೇ ನಗುನಗುತ್ತಾ ಬಂದ, ಹೇಗಿದೆ ಎಂದು ಕೇಳಿದ. ಮಾವ ಮಿಕ್ಕ ಮುಚ್ಚಳಗಳ ಮಾತೇ ಎತ್ತಲಿಲ್ಲ. "ನೀಲಿದು ಎಲ್ಲಿ?" ಎಂದ.

"ಮೇಲೆ ನೋಡಿ ಅಂಕಲ್, ಬಾಟಲಿ ತಲೆ ಮೇಲೆ. ಅದೊಂದಕ್ಕೇ ತೂತಿತ್ತಲ್ಲ, ಅದರಲ್ಲೇ ಸ್ಕ್ರೂ ಹಾಕಿ ಇಡೀ ಬೋರ್ಡು ನಿಲ್ಲಿಸಿದೀವಿ. ತೂತು ತುಂಬಾ ಸಣ್ಣದಿತ್ತು, ಡ್ರಿಲ್ ಹಾಕಿ ದೊಡ್ಡದು ಮಾಡಿಸ್ದೆ."

ಆ ಸಣ್ಣ ತೂತು ಸೂಜಿಯದು. ತೆಳು ಗಾಜಿನ ಹೊಸ ಬಾಟಲಿ ಎಷ್ಟು ಗ್ಯಾಸ್ ತಡೆದೀತು ಎಂದು ನೋಡಲು, ಎಂದಿಗಿಂತ ಹೆಚ್ಚು ತುಂಬಿಸಿ, ಆ ಪರೀಕ್ಷೆಗೆಂದೇ ಮಾಡಿಸಿದ ನೀಲಿ ಮುಚ್ಚಳ ಒತ್ತಿದ್ದರು. ಮುಚ್ಚಳಕ್ಕೆ ಸೂಜಿ ಚುಚ್ಚಿ ಒತ್ತಡ ಅಳೆಯಲು ಮಾವನನ್ನು ಕರೆದರು. ಗ್ಯಾಸ್ ಹೆಚ್ಚಿದೆ ಎಂದಾಗಲಿ, ದೂರ ನಿಲ್ಲು ಎಂದಾಗಲಿ ಒಬ್ಬರೂ ಹೇಳಲಿಲ್ಲ. ಬಾಟಲಿ ಸಿಡಿದು ಎಡಗಣ್ಣು ಹೋಯಿತು. ಆಸ್ಪತ್ರೆಯಲ್ಲಿ ನರ್ಸು ಅವನ ಮುಷ್ಟಿ ಬಿಡಿಸಿ ಆ ಮುಚ್ಚಳವನ್ನು ಹೆಂಡತಿಯ ಕೈಗೆ ಕೊಟ್ಟಿದ್ದಳು. ಕಾರ್ಖಾನೆಯವರು ಮಾತ್ರ ಅವತ್ತು ಯಾವ ಪರೀಕ್ಷೆಯೂ ನಡೆದಿಲ್ಲ, ಇವನೇ ಅಜಾಗರೂಕತೆಯಿಂದ ಬಾಟಲಿ ಬೀಳಿಸಿಕೊಂಡ ಎಂದು ಷರಾ ಬರೆದರು. ಮುಚ್ಚಳ ತೋರಿಸಲು ಹೋದರೆ, ಮನೆಯಲ್ಲಿ ಮೊಳೆ ಹೊಡೆದು ತಂದಿದ್ದೀಯಾ ಎಂದು ಆಗಿನ ಮ್ಯಾನೇಜರು ನಕ್ಕಿದ್ದ. ಇದನ್ನೆಲ್ಲ ಮಾವ ಅಧಿಕಾರಿಗೆ ಬಿಡಿಸಿ ಹೇಳಿಯೇ ಪೆಟ್ಟಿಗೆ ಕೊಟ್ಟಿದ್ದ. ಕಾರ್ಖಾನೆಯ ಗೋಡೆಯ ಮೇಲೆ ಆ ಮುಚ್ಚಳ ಏರಿದರೆ ಪರೀಕ್ಷೆ ನಡೆದದ್ದು ನಿಜ ಎಂದು ಅವರೇ ಒಪ್ಪಿಕೊಂಡಂತಾಗುತ್ತದೆ, ತಾನು ಸುಳ್ಳುಗಾರನಲ್ಲ ಎಂದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂಬ ಒಂದೇ ಆಸೆ ಅವನದು. ಅಧಿಕಾರಿ ಹೂಂಗುಟ್ಟುತ್ತಾ ಮೊಬೈಲಿನಲ್ಲಿ ಏನೋ ಒತ್ತಿಕೊಂಡಿದ್ದ.

"ಕೆಳಗೆ ಏನೋ ಬರೆದಿದ್ದಾರಲ್ಲ, ಕನ್ನಡಕ ತಂದಿಲ್ಲ, ಓದಿ," ಎಂದಳು ಹೆಂಡತಿ.

ಬೋರ್ಡಿನ ಬುಡದಲ್ಲಿ ಬಂಗಾರದ ಅಕ್ಷರಗಳಿದ್ದವು. ಮಾವ ಬಗ್ಗಿ, ಒಂದೊಂದೇ ಪದ ಬಿಡಿಸಿ ಓದಿದ. "ನಮ್ಮ ಪರೀಕ್ಷಾ ವಿಭಾಗ. ಒಂದೇ ಒಂದು ಅಪಘಾತವಿಲ್ಲದ ಐವತ್ತು ವರ್ಷ."

ಹೆಂಡತಿ ಗಂಡನ ಮುಖ ನೋಡಿದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಇವರ ಕಣ್ಣನ್ನು ಯಾವ ವಿಭಾಗಕ್ಕೆ ಸೇರಿಸಿದ್ದೀರಿ ಎಂದು ಕೇಳಿದಳು. ಅದೆಲ್ಲ ಹಳೆಯ ವಿಷಯ, ಇವತ್ತು ಸಂಭ್ರಮದ ದಿನ, ಊಟ ಮಾಡಿಕೊಂಡು ಹೋಗಿ ಎಂದು ಅವನು ಅವಳ ಕೈಗೆ ಕೂಪನ್ ಹಿಡಿಸಿದ. ಅವಳು ಅದನ್ನು ಅವನ ಕೋಟಿನ ಜೇಬಿಗೇ ತುರುಕಿದಳು. ಅತಿಥಿಗಳಿಗೆಂದು ಹಾಕಿದ್ದ ಕುರ್ಚಿಯೊಂದನ್ನು ದರದರ ಎಳೆದು ತಂದು ಗೋಡೆಗೆ ಒತ್ತಿ, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತಳು.

"ಹತ್ತಿ," ಎಂದಳು.

ಮಾವ ಹತ್ತಿದ. ಜೇಬಿನಿಂದ ನಾಣ್ಯ ತೆಗೆದು ಸ್ಕ್ರೂವಿನ ಗೀರಿಗೆ ಕೂರಿಸಿ ತಿರುಗಿಸತೊಡಗಿದ. ಹಲಗೆ ಒಂದು ಪಕ್ಕಕ್ಕೆ ವಾಲಿತು. ಫೋಟೋ ತೆಗೆಸಿಕೊಳ್ಳುತ್ತಿದ್ದವರು ಸರಿದು ನಿಂತರು. ಅಧಿಕಾರಿ ಓಡಿಬಂದು ಬೋರ್ಡಿನ ಬುಡದಲ್ಲೇ ನಿಂತು ಎರಡೂ ಕೈ ಮೇಲೆತ್ತಿದ.

"ಅಂಕಲ್, ಅದನ್ನ ತೆಗೆದ್ರೆ ಇಡೀ ಬೋರ್ಡೇ ಬೀಳತ್ತೆ."

ಮಾವ ತಿರುಗಿಸುವುದನ್ನು ನಿಲ್ಲಿಸಿದ. ಮೇಲಿನಿಂದಲೇ ಅವನ ಮುಖವನ್ನು ಒಂದು ಗಳಿಗೆ ನೋಡಿದ.

"ಹೌದಪ್ಪ, ಬೀಳತ್ತೆ. ದೂರ ನಿಲ್ಲು, ಕಣ್ಣು ಜೋಪಾನ."